ನಮ್ಮದಲ್ಲದ ಪದ

ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುವ ಮನುಷ್ಯ ಇನ್ನೊಬ್ಬರ ಮನಸ್ಸಿನ ಬಗ್ಗೆ ಏನು ತಾನೇ ತಿಳಿದುಕೊಂಡಾನು ಎಂದು ಅವನು ಯೋಚಿಸುತ್ತಿದ್ದ. ಉದ್ದ ಮೇಜಿನ ಆ ತುದಿಯಲ್ಲಿ ಕೂತಿದ್ದ ವಿಭಾಗದ ಮುಖ್ಯಸ್ಥ, ಮುರಿದು ಲೋಟದೊಳಗೆ ಬಿದ್ದ ಅರ್ಧ ಬಿಸ್ಕತ್ತನ್ನು ಚಮಚದಲ್ಲಿ ಹುಡುಕುತ್ತಲೇ ಹೊಸ ತಾಯಂದಿರ ಮಾನಸಿಕ ಆರೋಗ್ಯದ ಮಹತ್ವವನ್ನು ವಿವರಿಸುತ್ತಿದ್ದ. ಸುತ್ತ ಕೂತವರು ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದಕ್ಕೇ ಸಂಬಳ ತೆಗೆದುಕೊಳ್ಳುವ ಜನ. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಹಿಂದೆ ಮುರಿದ ಮಂಚಗಳನ್ನು ಒಟ್ಟುತ್ತಿದ್ದ ಕೋಣೆಗೆ ಬಣ್ಣ ಬಳಿಸಿ ಬಾಗಿಲ ಮೇಲೆ 'ಸಂಷೋಧನಾ ವಿಭಾಗ' ಎಂದು ಫಲಕ ಹಾಕಿದ್ದರು. ಮೊದಲ ದಿನವೇ ಅವನು ಆ ಷಕಾರವನ್ನು ಬೆರಳಿಟ್ಟು ತೋರಿಸಿದ್ದ. ಆಗ್ಲಿ ಸಾರ್, ಸರಿಮಾಡಿಸೋಣ ಎಂದಿದ್ದರು. ಇವತ್ತೂ ಅದು ಅಲ್ಲೇ ಇತ್ತು, ಒಳಗೆ ಬರುವಾಗ ಅವನನ್ನೇ ನೋಡಿ ಹಲ್ಲು ಕಿರಿದಿತ್ತು. ತಾವು ಮಾಡುವ ಕೆಲಸದ ಹೆಸರನ್ನು ನೆಟ್ಟಗೆ ಬರೆಯಲು ಬಾರದವರು ಊರಿನವರ ಬದುಕು ನೆಟ್ಟಗೆ ಮಾಡಲು ಹೊರಟಿದ್ದರು.

ಅವನಿಗೆ ಅಲ್ಲಿ ಇದ್ದ ಕೆಲಸ ಒಂದೇ. ಹೆತ್ತು ಎರಡು ಮೂರು ತಿಂಗಳಾದ ಹೆಂಗಸರನ್ನು ಕೇಳಬೇಕಾದ ಪ್ರಶ್ನೆಗಳನ್ನು ನಮ್ಮ ಭಾಷೆಯಲ್ಲಿ ಬರೆದುಕೊಡುವುದು. ನಿಘಂಟು ಕಚೇರಿಯಲ್ಲಿ ಇಡೀ ಆಯುಷ್ಯ ತೇದು ನಿವೃತ್ತನಾದವನು, ಬೆನ್ನ ಹಿಂದೆ ಎಲ್ಲರೂ ತನ್ನನ್ನೇ 'ನಿಘಂಟು' ಎಂದು ಕರೆಯುತ್ತಿದ್ದರು ಎಂಬುದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಡಾಕ್ಟರುಗಳು ಮೊದಲು ಮಾಡಿಟ್ಟುಕೊಂಡಿದ್ದ ಪ್ರಶ್ನೆಗಳನ್ನು ಓದಿ ಅವನಿಗೆ ವಾಕರಿಕೆ ಬಂದಿತ್ತು. ಅರ್ಧ ಸಂತೆಯ ಮಾತು, ಅರ್ಧ ಸರ್ಕಾರಿ ಸುತ್ತೋಲೆ. ಎಲ್ಲವನ್ನೂ ಹೊಡೆದುಹಾಕಿ ಹೊಸದಾಗಿ ಬರೆದಿದ್ದ. ಅವುಗಳಲ್ಲಿ ಒಂದು ವಾಕ್ಯದ ಮೇಲೆ ಅವನಿಗೆ ವಿಶೇಷ ಮಮತೆ: 'ಕಳೆದ ಹದಿನೈದು ದಿನಗಳಲ್ಲಿ ತಾವು ವಿಷಣ್ಣತೆಯನ್ನು ಅನುಭವಿಸಿದ್ದುಂಟೇ?' ಮೊದಲು ಖಿನ್ನತೆ ಎಂದು ಬರೆದು, ಆ ಪದವನ್ನು ಪತ್ರಿಕೆಯವರು ಎಂಜಲು ಮಾಡಿದ್ದಾರೆ ಅನ್ನಿಸಿ ತೆಗೆದುಹಾಕಿದ್ದ. ಪ್ರಶ್ನೆ ಕೇಳಲು ಮನೆಮನೆಗೆ ಹೋಗುವ ಹುಡುಗಿಯರಿಗೆ ಉಚ್ಚಾರಣೆಯನ್ನೂ ಅವನೇ ಕಲಿಸಿದ್ದ. ಬರೆದದ್ದನ್ನು ಬರೆದ ಹಾಗೇ ಓದಬೇಕು, ಒಂದಕ್ಷರ ಆಚೀಚೆ ಆಗಕೂಡದು ಎಂದು ಮೇಜು ಕುಟ್ಟಿ ಹೇಳಿದ್ದ. ಆ ಒಂದು ಮಾತಿಗೆ ಮಾತ್ರ ಡಾಕ್ಟರುಗಳೂ ಹೌದು ಹೌದು ಎಂದಿದ್ದರು. ಎಲ್ಲರನ್ನೂ ಒಂದೇ ಥರ ಕೇಳಿದರೆ ತಾನೇ ಉತ್ತರಗಳನ್ನು ಹೋಲಿಸಲು ಬರುವುದು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಮಗಳ ಎರಡು ತಿಂಗಳ ಮಗು ಬಾಗಿಲ ಹೊರಗಿತ್ತು. ಮೂರು ಮನೆಗಳ ಬಾಗಿಲು ಕೂಡುವ ಆ ಮೊಗಸಾಲೆಯಲ್ಲಿ, ಮೆಟ್ಟಿಲು ಶುರುವಾಗುವುದಕ್ಕೆ ಸ್ವಲ್ಪ ಈಚೆ, ಬಿಳಿ ಟವೆಲ್ಲಿನಲ್ಲಿ ಸುತ್ತಿ ನೆಲದ ಮೇಲೆ ಮಲಗಿಸಿತ್ತು. ಅಳುತ್ತಿರಲಿಲ್ಲ, ದೀಪ ನೋಡುತ್ತಿತ್ತು. ಅವನು ಕಿಟಕಿಯಿಂದ ನೋಡಿದ್ದ: ಮಗಳು ತುಂಬ ಜೋಪಾನವಾಗಿ ಬಗ್ಗಿ ಅದನ್ನು ಇಟ್ಟಳು, ಟವೆಲ್ಲಿನ ಅಂಚು ಸರಿಮಾಡಿದಳು, ಒಳಗೆ ಬಂದು ಬಾಗಿಲು ಹಾಕಿಕೊಂಡಳು, ಚಿಲಕವನ್ನೂ ಹಾಕಿದಳು. ಹೆಂಡತಿ ಓಡಿಹೋಗಿ ಎತ್ತಿಕೊಂಡು ಬಂದಿದ್ದಳು. ಮರೆತಿರಬೇಕು ಎಂದು ಅವನು ಅಂದದ್ದಕ್ಕೆ, "ಹೆತ್ತೋಳು ಮಗೂನ ಕೊಡೆ ಮರ್ತ ಹಾಗೆ ಮರೀತಾಳೇನ್ರೀ?" ಎಂದು ಸಿಡುಕಿದ್ದಳು. ಹೆಂಡತಿಗೆ ಎಲ್ಲದರಲ್ಲೂ ಕೆಟ್ಟದ್ದೇ ಕಾಣುತ್ತದೆ. ನಿದ್ದೆಗೆಟ್ಟಿದ್ದಾಳೆ, ಅಷ್ಟೇ. ಅಷ್ಟೇ ಆಗಿದ್ದರೆ ಚಿಲಕ ಯಾಕೆ ಹಾಕಿದಳು ಎಂದು ಬಸ್ಸಿನಲ್ಲಿ ಒಮ್ಮೆ ಅನ್ನಿಸಿತ್ತು. ಪಕ್ಕದವನು ಮೈಮೇಲೆ ಬೀಳುತ್ತಿದ್ದ, ಅವನನ್ನು ಬೈಯುವುದರಲ್ಲಿ ಆ ಯೋಚನೆ ಹಾಗೇ ಬಿಟ್ಟುಹೋಗಿತ್ತು.

"ಒಬ್ರೂ ಹೌದು ಅಂದಿಲ್ಲ ಸಾರ್."

ಹೇಳಿದವಳು ಲೇಡಿ ಡಾಕ್ಟರು. ಈ ಇಡೀ ಸಂಶೋಧನೆಯನ್ನು ತಲೆ ಮೇಲೆ ಹೊತ್ತುಕೊಂಡವಳು ಅವಳೇ, ಮುಖ್ಯಸ್ಥನದ್ದೇನಿದ್ದರೂ ಬಿಸ್ಕತ್ತು. ಗಿಡ್ಡ ಕೂದಲು, ತೋಳಿನ ಮೇಲೆ ಪೆನ್ನಿನ ಶಾಯಿ, ಮಾತು ಮುಗಿಯುವ ಮೊದಲೇ ಮುಂದಿನ ಮಾತು ಶುರು. ಅವನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

"ಪರೀಕ್ಷೆಗೆ ಅಂತ ಕೇಳಿದ ಅಷ್ಟೂ ಜನ ಇಲ್ಲ ಅಂದಿದಾರೆ. ಅಂದ್ರೆ ನಮ್ಮೂರಿನ ಬಾಣಂತಿಯರೆಲ್ಲ ಸುಖವಾಗಿದಾರೆ ಅಂತ ಲೆಕ್ಕ. ಹಾಗಿದ್ರೆ ನಾವೆಲ್ಲ ಮನೆಗೆ ಹೋಗಬಹುದು."

"ಸುಖವಾಗಿದ್ರೆ ನಿಮಗೇನು ಕಷ್ಟ?" ಎಂದ ಅವನು. ಒಬ್ಬಿಬ್ಬರು ನಕ್ಕರು.

"ಸುಖವಾಗಿಲ್ಲ ಸಾರ್. ನಿಮ್ಮ ಪದ ಅವರಿಗೆ ಕೇಳಿಸ್ತಿರೋದೇ ಬೇರೆ. ವಿಷ ಅಂತ ಕೇಳಿಸ್ತಿದೆ. ನೀವು ವಿಷ ಏನಾದ್ರೂ ತಗೊಂಡ್ರಾ ಅಂತ ಕೇಳ್ತಿದಾರೆ ಅಂದ್ಕೊಂಡು ಗಾಬರಿ ಬೀಳ್ತಾರೆ. ಅಯ್ಯೋ, ವಿಷಗಿಷ ಎಲ್ಲ ಏನಿಲ್ಲಮ್ಮ, ನಮ್ಮದು ಮರ್ಯಾದಸ್ಥರ ಮನೆ ಅಂತ ಒಬ್ಬರ ಅತ್ತೆ ಬಾಗಿಲೇ ಹಾಕ್ಕೊಂಡ್ರಂತೆ."

ಈಗ ಎಲ್ಲರೂ ನಕ್ಕರು. ಮುಖ್ಯಸ್ಥ ಕೂಡ, ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡೇ. ಅವನ ಕಿವಿ ಬಿಸಿಯಾಯಿತು. ಷಕಾರ ಹೇಳಲು ನಾಲಿಗೆ ಹೊರಳದವರು, ಣಕಾರ ಎಂದರೆ ಯಾವ ಊರು ಎಂದು ಕೇಳುವವರು, ಇಂಥವರ ತಪ್ಪಿಗೆ ತನ್ನ ಪದವನ್ನು ನಗೆಗೀಡು ಮಾಡುತ್ತಿದ್ದಾರೆ. ಜನರಿಗೆ ಪದ ಗೊತ್ತಿಲ್ಲದಿದ್ದರೆ ಕಲಿಸಬೇಕು, ಭಾಷೆಯನ್ನು ತಗ್ಗಿಸುವುದಲ್ಲ ಎಂದು ಹೇಳಿದ. ಅವನ ದನಿ ತಾನು ಅಂದುಕೊಂಡದ್ದಕ್ಕಿಂತ ಎತ್ತರಕ್ಕೆ ಹೋಯಿತು. ಲೇಡಿ ಡಾಕ್ಟರು ಸಹನೆಯಿಂದ, ಅಂದರೆ ಅವನನ್ನು ಮುದುಕ ಎಂದು ಎಣಿಸಿದ ಸಹನೆಯಿಂದ, ಮತ್ತೆ ವಿವರಿಸಿದಳು. ಹಿಂದೆ ಇನ್ನೊಂದು ಕಡೆ ಇದೇ ಕೆಲಸ ಮಾಡಿ ನೋಡಿದ್ದರಂತೆ. ಹೌದು ಎಂದ ತಾಯಂದಿರ ಮನೆಗೆ ತರಬೇತಿ ಕೊಟ್ಟ ಹೆಂಗಸರು ವಾರವಾರವೂ ಹೋಗಿ ಕೂತು ಮಾತಾಡಿದರಂತೆ, ಬೇಕಾದವರಿಗೆ ಔಷಧ ಕೊಡಿಸಿದರಂತೆ. ಬಹಳ ಜನ ಮೊದಲಿನಂತಾದರು, ಮಕ್ಕಳೂ ಮೈಕೈ ತುಂಬಿಕೊಂಡವು. ಅವರನ್ನು ಸುಮ್ಮನೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದೂ ಗೊತ್ತಿದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ ಎಂದಳು.

"ಹೌದು ಅಂದೋರ ಮನೆಗೆ ಮಾತ್ರ ನಾವು ಹೋಗೋಕಾಗೋದು ಸಾರ್. ಇಲ್ಲ ಅಂದ್ರೆ ಅಲ್ಲಿಗೆ ಮುಗೀತು. ಅದಕ್ಕೇ ಕೇಳ್ತಿದೀನಿ. ಅವರು ಆಡೋ ಪದಾನೇ ಹಾಕೋಣ. ಬೇಜಾರು. ಹದಿನೈದು ದಿನದಿಂದ ತುಂಬ ಬೇಜಾರಾಗ್ತಿದೆಯಾ? ಇಷ್ಟೇ."

ಬೇಜಾರು. ಅವನಿಗೆ ಮೈ ಉರಿಯಿತು. ಬಸ್ಸು ತಡವಾದರೂ ಬೇಜಾರು, ಸಾರಿಗೆ ಉಪ್ಪು ಕಮ್ಮಿಯಾದರೂ ಬೇಜಾರು, ಗಂಡ ಸತ್ತರೂ ಬೇಜಾರು. ಯಾವ ದಂಡಿನ ಹಿಂದೆ ಬಂದು ಯಾವ ಪಾಳೆಯದಲ್ಲಿ ಉಳಿದುಕೊಂಡ ಪಾರಸಿ ಪದವೋ. ನಿಘಂಟಿನಲ್ಲಿ ಅದಕ್ಕೆ ಒಂದೂವರೆ ಸಾಲು ಕೊಟ್ಟಿದ್ದೇ ಹೆಚ್ಚಾಯಿತು ಎಂದು ಅವನ ಎಣಿಕೆ. "ಅದು ನಮ್ಮ ಪದವಲ್ಲ," ಎಂದ. ಹಾಗೆ ಎನ್ನುತ್ತಿದ್ದಂತೆ, ಇದನ್ನು ಹೀಗೆಯೇ, ಇದೇ ದನಿಯಲ್ಲಿ, ಇನ್ನೆಲ್ಲೋ ಹೇಳಿದ ನೆನಪಾಯಿತು. ಮನೆಯಲ್ಲಿ ಕಚೇರಿಯ ಇಬ್ಬರು ಕೂತಿದ್ದ ಸಂಜೆ, ಯಾವುದೋ ಪದದ ಮೂಲದ ಬಗ್ಗೆ ಬಿಸಿಬಿಸಿ ಮಾತು. ಮಗಳು ಆಗಿನ್ನೂ ಪುಟ್ಟವಳು, ಕೋಣೆಯಿಂದ ಬಂದು ಅವನ ಮೊಣಕಾಲಿಗೆ ಒರಗಿ ನಿಂತಳು. ಅಪ್ಪಾ, ನಂಗೆ ಬೇಜಾರು. ಅವನು ಬಂದವರ ಕಡೆ ಕಣ್ಣು ಮಿಟುಕಿಸಿ, "ಅದು ನಮ್ಮ ಪದ ಅಲ್ಲ ಪುಟ್ಟಿ. ಸರಿಯಾದ ಪದ ಹುಡುಕ್ಕೊಂಡು ಬಾ, ಆಮೇಲೆ ಕೇಳ್ತೀನಿ," ಎಂದಿದ್ದ. ಇಬ್ಬರೂ ಹೊಟ್ಟೆ ತುಂಬ ನಕ್ಕಿದ್ದರು. ಕಚೇರಿಯಲ್ಲಿ ಈ ಮಾತು ಬಹಳ ದಿನ ಓಡಿತ್ತು. ಮಗು ಅವತ್ತು ಒಳಗೆ ಹೋದದ್ದು, ಮತ್ತೆ ಬಂತೋ ಇಲ್ಲವೋ ಅವನಿಗೆ ನೆನಪಿಲ್ಲ. ಯಾಕೆ ಬೇಜಾರು ಎಂಬುದಂತೂ ತಿಳಿಯಲಿಲ್ಲ, ಯಾರೂ ಕೇಳಲಿಲ್ಲ.

"ಪದ ಬದಲಾಯಿಸೋದಾದ್ರೆ ನನ್ನ ಹೆಸರು ತೆಗೆದುಬಿಡಿ," ಎಂದು ಅವನು ಎದ್ದು ನಿಂತ. ಮುಖ್ಯಸ್ಥನಿಗೆ ಊಟದ ಹೊತ್ತಾಗಿತ್ತು. ಹಿರಿಯರು, ವಿದ್ವಾಂಸರು, ಈ ಸುತ್ತು ಹೀಗೇ ನಡೀಲಿ, ಮುಂದಿನ ಸಲ ನೋಡೋಣ ಎಂದ. ಲೇಡಿ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದಳು. ಗೆದ್ದ ಮೇಲೆ ಆಗಬೇಕಾದ ಸಂತೋಷ ಎಲ್ಲಿ ಹೋಯಿತು ಎಂದು ಅವನು ಮೆಟ್ಟಿಲಿಳಿಯುತ್ತ ಹುಡುಕಿದ. ಕೆಳಗೆ ಹೆರಿಗೆ ವಾರ್ಡಿನ ಮುಂದೆ ಗಂಡಸರು ಚೀಲ ಹಿಡಿದು ನಿಂತಿದ್ದರು, ಅವರ ಮುಖದಲ್ಲಿ ಇದ್ದದ್ದು ಪೆದ್ದುತನವೇ ಹೊರತು ಬೇರೇನೂ ಅಲ್ಲ ಎಂದು ತೀರ್ಮಾನಿಸಿದ. ಎರಡು ತಿಂಗಳ ಹಿಂದೆ ತಾನೂ ಅಲ್ಲೇ, ಅಂಥದೇ ಚೀಲ ಹಿಡಿದು ನಿಂತಿದ್ದದ್ದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಅಳಿಯ ದೂರದ ಊರಿನಲ್ಲಿದ್ದ, ಮಗು ಹುಟ್ಟಿದ ಮಾರನೆಯ ದಿನ ಬಂದು ಫೋಟೋ ತೆಗೆದುಕೊಂಡು ಹೋಗಿದ್ದ. ದಂಡಪಿಂಡ. ದಿನಾ ಸಂಜೆ ಫೋನ್ ಮಾಡಿ ಮಗು ನಕ್ಕಿತಾ ಎಂದು ಕೇಳುತ್ತಾನೆ, ತನ್ನ ಹೆಂಡತಿ ನಕ್ಕಳಾ ಎಂದು ಕೇಳುವುದಿಲ್ಲ. ಕೇಳಿದ್ದರೆ ತಾನು ಏನು ಹೇಳಬೇಕಾಗುತ್ತಿತ್ತು ಎಂದು ಅವನಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಮಗಳು ಅಡುಗೆಮನೆಯಲ್ಲಿ ನಲ್ಲಿಯ ಮುಂದೆಯೇ ಕೈಯಲ್ಲಿ ಲೋಟ ಹಿಡಿದು ನಿಂತಿದ್ದಳು, ಲೋಟ ತುಂಬಿ ಚೆಲ್ಲುತ್ತಲೇ ಇತ್ತು. ಅವನು ಹೋಗಿ ತಿರುಗಿಸಿ ನಿಲ್ಲಿಸಿದ. ನೀರು ಹಾಳು ಎಂದ. ಹೂಂ ಎಂದಳು. ಹೆಂಡತಿ ಮಗುವಿನ ಹೊಟ್ಟೆನೋವಿನ ಔಷಧ ತರಲು ಹೋಗಿದ್ದಾಳೆ ಎಂದು ತಿಳಿಯಿತು. ಮಗು ಒಳಕೋಣೆಯ ಮಂಚದ ಮೇಲೆ, ಸುತ್ತ ದಿಂಬಿನ ಗೋಡೆ. ಮಗಳು ಮಾತ್ರ ಆ ಕೋಣೆಗೆ ಹೋಗದೆ ನಡುಮನೆಯ ಕುರ್ಚಿಯಲ್ಲಿ, ಕೋಣೆಗೆ ಬೆನ್ನು ಹಾಕಿ ಕೂತಳು. ತಲೆ ಬಾಚಿ ಎಷ್ಟು ದಿನವಾಯಿತೋ. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತರುತ್ತಿದ್ದ ಹುಡುಗಿ, ಅವನು ತಿದ್ದಿ ತಿದ್ದಿ ತಯಾರು ಮಾಡಿದ್ದವಳು, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ಮಾತಾಡುವ ಏಕೈಕ ಹೆಣ್ಣು ಈ ಊರಿನಲ್ಲಿ. ಈಗ ಹೂಂ, ಊಹೂಂ, ಎರಡೇ ಮಾತು. ಇವಳಿಗೆ ಏನು ಕಮ್ಮಿ ಮಾಡಿದ್ದೇವೆ ಎಂದು ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೊಂದು ಇತ್ತು, ಅದು ಭಯ, ಅದನ್ನು ಅವನು ಮುಟ್ಟಲು ಹೋಗಲಿಲ್ಲ.

ಬಾಗಿಲು ಬಡಿದರು. ತೆರೆದರೆ ಅವನು ಉಚ್ಚಾರಣೆ ಕಲಿಸಿದ ಹುಡುಗಿಯರಲ್ಲೊಬ್ಬಳು, ಮೂಗಿನಲ್ಲಿ ಮಾತಾಡುತ್ತಾಳೆಂದು ಅವನು ಎಲ್ಲರೆದುರು ಛೇಡಿಸಿದ್ದವಳು. ಅವನನ್ನು ನೋಡಿ ಅವಳ ಮುಖ ಸಣ್ಣದಾಯಿತು. ಆಸ್ಪತ್ರೆಯಲ್ಲಿ ಹೆತ್ತವರ ವಿಳಾಸಗಳಲ್ಲಿ ಚೀಟಿ ಎತ್ತಿದ ಹಾಗೆ ಎತ್ತಿ ಕೊಡುತ್ತಾರಂತೆ, ಇದು ಸಾರ್ ಮನೆ ಅಂತ ಗೊತ್ತಿರಲಿಲ್ಲವಂತೆ. ಅವನು ದೊಡ್ಡ ಮನಸ್ಸು ಮಾಡಿ ಒಳಗೆ ಕರೆದ. ಕೇಳುವಾಗ ಮನೆಯವರು ಜೊತೆಗಿರಬಾರದು ಎಂಬ ನಿಯಮ ಅವನಿಗೆ ಗೊತ್ತಿತ್ತು. ಎದ್ದು ಮಗುವಿದ್ದ ಕೋಣೆಗೆ ಹೋದ, ಬಾಗಿಲನ್ನು ಮಾತ್ರ ಪೂರ್ತಿ ಹಾಕಲಿಲ್ಲ. ಕೇಳಬೇಕೆಂದು ಆಸೆಯಾಗಿತ್ತು, ಮಗಳ ಉತ್ತರವನ್ನಲ್ಲ, ತನ್ನ ವಾಕ್ಯಗಳನ್ನು. ಬರೆದವನಿಗೆ ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳುವ ಅವಕಾಶ ಎಷ್ಟು ಸಲ ಸಿಗುತ್ತದೆ. ಹುಡುಗಿ ಶುರು ಮಾಡಿದಳು. ತಾವು, ಉಂಟೇ, ಅಹುದೇ. ಮೂಗಿನಲ್ಲೇ ಆದರೂ ಸ್ಪಷ್ಟವಾಗಿತ್ತು. ಮಗಳು ಇಲ್ಲ, ಇಲ್ಲ ಎನ್ನುತ್ತಿದ್ದಳು. ಆಮೇಲೆ ಅವನ ಮಮತೆಯ ವಾಕ್ಯ ಬಂತು.

"ಕಳೆದ ಹದಿನೈದು ದಿನಗಳಲ್ಲಿ ತಾವು ವಿಶನ್ನತೆಯನ್ನು ಅನುಭವಿಸಿದ್ದುಂಟೇ?"

"ವಿಷಣ್ಣತೆ," ಎಂದಳು ಮಗಳು. "ಷಕಾರ. ಆಮೇಲೆ ಣಕಾರಕ್ಕೆ ಒತ್ತು."

"ಸಾರಿ ಅಕ್ಕ. ವಿಷಣ್ಣತೆ."

"ಹಾಂ. ಈಗ ಸರಿ."

"ಅನುಭವಿಸಿದ್ದುಂಟೇ?"

"ಇಲ್ಲ."

ಎಷ್ಟು ಚೊಕ್ಕವಾಗಿ ಹೇಳಿದಳು. ವ್ಯಾಕರಣದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ. ಅವನು ಮಂಚದ ಅಂಚಿನಲ್ಲಿ ಕೂತಿದ್ದ, ದಿಂಬಿನ ಗೋಡೆಯೊಳಗೆ ಮಗು ಕಾಲು ಆಡಿಸುತ್ತಿತ್ತು, ಮಗಳು ದಿಂಬುಗಳನ್ನು ಇಟ್ಟದ್ದು ಮಗು ಬೀಳದಿರಲಿ ಎಂದಲ್ಲ, ತನ್ನ ಕೈಯಿಂದ ಅದಕ್ಕೆ ಏನಾದರೂ ಆದೀತೆಂದು ತಾನೇ ಹತ್ತಿರ ಬಾರದಿರಲಿ ಎಂದು, ಅವಳು ಚಿಲಕ ಹಾಕಿದ್ದು ಮಗುವನ್ನು ಹೊರಗಿಡಲಿಕ್ಕಲ್ಲ, ತನ್ನನ್ನು ಒಳಗೆ ಕೂಡಿಹಾಕಿಕೊಳ್ಳಲಿಕ್ಕೆ ಎಂದು ಅವನಿಗೆ ಒಮ್ಮೆಗೇ ಹೊಳೆಯಿತು. ಪದದ ಮೂಲ ಹೊಳೆಯುವ ಹಾಗೆಯೇ ಹೊಳೆಯಿತು, ಆಗ ಆಗುವ ಸಂತೋಷ ಇರಲಿಲ್ಲ. ತನ್ನ ವಾಕ್ಯ ಅವಳನ್ನು ಏನೂ ಕೇಳಿರಲಿಲ್ಲ. ಉಚ್ಚಾರಣೆ ಸರಿಯಾಗಿದೆಯೇ ಎಂದು ಮಾತ್ರ ಕೇಳಿತ್ತು, ಅದಕ್ಕೆ ಅವಳು ಸರಿಯಾಗಿ ಉತ್ತರ ಕೊಟ್ಟಿದ್ದಳು. ಹೊರಗೆ ಹುಡುಗಿ ಕಾಗದ ಮಡಿಸುತ್ತಿದ್ದಳು. ಬರ್ತೀನಿ ಅಕ್ಕ. ಬಾಗಿಲು ಹಾಕಿದ ಸದ್ದು.

ಅವನು ಚಪ್ಪಲಿ ಇಲ್ಲದೆ ಮೆಟ್ಟಿಲ ತನಕ ಓಡಿದ. ಹುಡುಗಿ ಆಗಲೇ ಅರ್ಧ ಇಳಿದಿದ್ದಳು.

"ನಿಂತ್ಕೊಳಮ್ಮ. ಇನ್ನೊಂದ್ಸಲ ಕೇಳು ಅವಳನ್ನ."

"ಯಾವುದನ್ನ ಸಾರ್?"

"ಅದೇ, ಅದನ್ನ. ಬೇರೆ ಥರ ಕೇಳು. ನೀವು ನೀವು ಮಾತಾಡ್ಕೊಳ್ಳೋ ಥರ ಕೇಳು."

ಹುಡುಗಿ ಅವನ ಬರಿಗಾಲನ್ನು ನೋಡಿದಳು. "ಹಾಗೆ ಕೇಳೋ ಹಾಗಿಲ್ಲ ಸಾರ್. ಬರೆದಿದ್ದನ್ನ ಬರೆದ ಹಾಗೇ ಓದ್ಬೇಕು, ಒಂದಕ್ಷರ ಆಚೀಚೆ ಆಗಬಾರದು ಅಂತ ನೀವೇ ಹೇಳಿದ್ರಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಕೊಂಕಿದ್ದಿದ್ದರೆ ಒಂದು ಮಾತು ಬಿಸಾಕಿ ಒಳಗೆ ಬರಬಹುದಿತ್ತು. ಪಾಪದ ಹುಡುಗಿ, ಹೇಳಿಕೊಟ್ಟದ್ದನ್ನು ಮಾಡುತ್ತಿದ್ದಳು, ಅವಳ ಮುಂದೆ ಬರಿಗಾಲಿನಲ್ಲಿ ನಿಂತವನು ಈ ಊರಿನ ಅತಿ ದೊಡ್ಡ ಮೂರ್ಖ. ಇಡೀ ಆಯುಷ್ಯ ಪದಗಳಿಗೆ ಅರ್ಥ ಬರೆದು, ಅರ್ಥದ ಮುಂದೆ ಇನ್ನೊಂದು ಅರ್ಥ ಬರೆದು, ಮನೆಯೊಳಗೆ ಒಂದು ಜೀವ ಮೂಗುಮಟ್ಟ ಮುಳುಗಿರುವುದನ್ನು ನೋಡಿ ನೀರು ಹಾಳು ಎಂದವನು. ಬಿಸ್ಕತ್ತು ಅದ್ದುವ ಆ ಮುಖ್ಯಸ್ಥನೇ ವಾಸಿ, ಅವನಿಂದ ಲೋಟಕ್ಕಷ್ಟೇ ಕೇಡು.

ಒಳಗೆ ಮಗು ಅಳುತ್ತಿತ್ತು. ಮಗಳು ಕುರ್ಚಿಯಲ್ಲೇ ಇದ್ದಳು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದಳು. "ಅದನ್ನ ಎತ್ಕೊಳ್ಳಿ ಅಪ್ಪ," ಎಂದಳು. "ನನ್ನ ಹತ್ರ ಕೊಡಬೇಡಿ." ಅವನು ಎತ್ತಿಕೊಂಡ. ಎತ್ತಿಕೊಳ್ಳಲು ಸರಿಯಾಗಿ ಬರುತ್ತಿರಲಿಲ್ಲ, ಹೆಗಲಿಗೆ ಹಾಕಿಕೊಂಡರೆ ಅಳು ಸ್ವಲ್ಪ ತಗ್ಗಿತು. ಮಗುವಿನೊಂದಿಗೆ ಅವಳ ಮುಂದೆ ಬಂದು ನಿಂತ, ನಿಂತರೆ ಮೇಷ್ಟರಂತೆ ಕಾಣುತ್ತೇನೆ ಅನ್ನಿಸಿ ನೆಲದ ಮೇಲೆ ಕೂತ. ಮೊಣಕಾಲು ಸದ್ದು ಮಾಡಿತು. ಏನು ಕೇಳುವುದು. ಅವನ ತಲೆಯಲ್ಲಿದ್ದ ಪದಗಳೆಲ್ಲ ಒತ್ತಾಗಿ ನಿಂತಿದ್ದವು, ವ್ಯಾಕುಲ, ಉದ್ವೇಗ, ನಿರ್ವೇದ, ಒಂದನ್ನೂ ಈ ಮುಖದ ಮುಂದೆ ಬಾಯಿಂದ ತೆಗೆಯುವಂತಿರಲಿಲ್ಲ.

"ಬೇಜಾರಾಗಿದೆಯಾ ಪುಟ್ಟಿ?"

ಅವಳು ಅವನನ್ನೇ ನೋಡಿದಳು. ಎಷ್ಟೋ ದಿನದ ಮೇಲೆ ನೆಟ್ಟಗೆ ನೋಡಿದ್ದು. ಮುಖದಲ್ಲಿ ನಗುವಿನ ಹಾಗೆ ಏನೋ ಬಂದು ಹೋಯಿತು.

"ಸರಿಯಾದ ಪದ ಹುಡುಕ್ಕೊಂಡು ಬಾ, ಆಮೇಲೆ ಕೇಳ್ತೀನಿ ಅಂದಿದ್ರಿ," ಎಂದಳು. "ಸಿಗಲೇ ಇಲ್ಲ ಅಪ್ಪ."

ಆಮೇಲೆ ಅತ್ತಳು. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಕೈ ತೊಡೆಯ ಕೆಳಗಿಂದ ತೆಗೆಯದೆ. ಅವನಿಗೆ ಅವಳ ತಲೆ ಮುಟ್ಟಬೇಕೆನ್ನಿಸಿತು, ಒಂದು ಕೈ ಮಗುವಿನ ಬೆನ್ನ ಮೇಲಿತ್ತು, ಇನ್ನೊಂದನ್ನು ಅವಳ ಕಾಲಿನ ಮೇಲಿಟ್ಟ. ತಣ್ಣಗಿತ್ತು. ಮನೆಯವರಿಗೆಂದು ಹುಡುಗಿ ಬಿಟ್ಟುಹೋದ ಚೀಟಿ ಪಕ್ಕದ ಮೇಜಿನ ಮೇಲಿತ್ತು, ಅದರ ಕೊನೆಯಲ್ಲಿ 'ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆ' ಎಂಬ ಸಾಲು. ಫೋನ್ ನಂಬರು ಎಂದಿದ್ದದ್ದನ್ನು ಅವನೇ ತಿದ್ದಿದ್ದ. ಕೂತಲ್ಲಿಂದಲೇ ಮೊಬೈಲು ತೆಗೆದು ಒತ್ತಿದ. ಲೇಡಿ ಡಾಕ್ಟರೇ ಎತ್ತಿದಳು, ಹಿಂದೆ ಯಾರೋ ಮಾತಾಡುತ್ತಿದ್ದ ಗದ್ದಲ. ಅವನು ಯಾರೆಂದು ಹೇಳಿದ. ಅವಳ ದನಿ ಬಿಗಿಯಾಯಿತು, ಇನ್ನೂ ಯಾವ ಅಕ್ಷರ ತಪ್ಪಿದೆಯೋ ಎಂದುಕೊಂಡಿರಬೇಕು.

"ಹೇಳಿ ಸಾರ್. ಏನಾಗ್ಬೇಕಿತ್ತು?"

"ನನ್ನ ಮಗಳಿಗೆ..." ಎಂದ. ಮಗುವನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ನನ್ನ ಮಗಳಿಗೆ ತುಂಬ ಬೇಜಾರು ಡಾಕ್ಟ್ರೇ."

ಅವಳು ನಗುತ್ತಾಳೆ ಎಂದು ಕಾದ. ನಗಲಿ, ನಗುವುದೇ ಸರಿ ಅನ್ನಿಸಿತು. ಆ ಕಡೆ ಬಾಗಿಲು ಹಾಕಿದ ಸದ್ದಾಯಿತು, ಗದ್ದಲ ನಿಂತಿತು.

"ಮಗು ಈಗ ಯಾರ ಹತ್ರ ಇದೆ ಸಾರ್?"

"ನನ್ನ ಹತ್ರ," ಎಂದ.